ದೀಪದ ಮುಂದೆ ಕೂತರೆ ಮುಖ ಕಪ್ಪಾಗುತ್ತಾ?

ಪ್ರಶ್ನೆ: ಡಾಕ್ಟರೇ, ಮನಸ್ಸು ಸದಾ ಮಂಕಾಗಿರುತ್ತೆ ಅಂತ ಹೇಳಿದ್ದಕ್ಕೆ ಮನೋವೈದ್ಯರು ದಿನಾ ಬೆಳಿಗ್ಗೆ ಅರ್ಧ ಗಂಟೆ ಲೈಟ್ ಥೆರಪಿ ದೀಪದ ಮುಂದೆ ಕೂರಲು ಹೇಳಿದರು. ಡಬ್ಬದ ಮೇಲೆ 10,000 ಲಕ್ಸ್ ಅಂತ ಇದೆ. ಮೂರು ವಾರದಲ್ಲಿ ಮನಸ್ಸೇನೋ ಹಗುರಾಗಿದೆ. ಆದರೆ ಅಕ್ಕ ಬಿಡುತ್ತಿಲ್ಲ. "ಅಷ್ಟು ಬೆಳಕು ಅಂದ್ರೆ ಬಿಸಿಲಲ್ಲಿ ನಿಂತ ಹಾಗೇ, ಮುಖ ಕಪ್ಪಾಗುತ್ತೆ, ಸುಕ್ಕು ಬರುತ್ತೆ" ಅಂತಾಳೆ. ನನಗೆ ಕೆನ್ನೆ ಮೇಲೆ ಮೊದಲೇ ಬಂಗು ಇದೆ. ದೀಪ ನಿಲ್ಲಿಸಿಬಿಡಲಾ?

ಉತ್ತರ: ನಿಲ್ಲಿಸಬೇಡಿ. ನಿಮ್ಮ ಅಕ್ಕನ ಹೆದರಿಕೆ ಅರ್ಥವಾಗುತ್ತೆ, 10,000 ಅನ್ನೋ ಸಂಖ್ಯೆ ನೋಡಿದರೆ ಯಾರಿಗಾದರೂ ಗಾಬರಿಯೇ. ಆದರೆ ನೆತ್ತಿ ಸುಡುವ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತೆ. ಅದರ ಹತ್ತನೇ ಒಂದು ಪಾಲು ನಿಮ್ಮ ದೀಪ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಲಕ್ಸ್ ಎಂದರೆ ಬೆಳಕು ನಮ್ಮ ಕಣ್ಣಿಗೆ ಎಷ್ಟು ಪ್ರಕಾಶವಾಗಿ ಕಾಣುತ್ತೆ ಅನ್ನುವ ಅಳತೆ, ಅಷ್ಟೇ. ಚರ್ಮವನ್ನು ಸುಡುವುದು, ಸುಕ್ಕುಗಟ್ಟಿಸುವುದು ಹೆಚ್ಚಾಗಿ ಯುವಿ (ನೇರಳಾತೀತ) ಕಿರಣ, ಅದು ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಲಕ್ಸ್ ಲೆಕ್ಕಕ್ಕೂ ಬರುವುದಿಲ್ಲ. ಮನಸ್ಸಿಗಾಗಿ ಮಾಡಿದ ಒಳ್ಳೆಯ ದೀಪಗಳಲ್ಲಿ ಯುವಿ ಇರುವುದಿಲ್ಲ, ಇದ್ದರೂ ದೀಪದ ಮುಂಭಾಗಕ್ಕೆ ಹಾಕಿರುವ ಹಾಳೆ ಅದನ್ನು ತಡೆಯುತ್ತೆ. ಡಬ್ಬದ ಮೇಲೆ 'ಯುವಿ ಇಲ್ಲ' ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಆ ದೀಪ ಬದಲಿಸಿ.

ಇನ್ನು ಬಂಗು. ಇಲ್ಲಿ ಅಕ್ಕನ ಮಾತಲ್ಲಿ ಸ್ವಲ್ಪ ಸತ್ಯ ಇದೆ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಭಾಗ, ಯುವಿ ಇಲ್ಲದೆಯೂ ಬಣ್ಣ ಗಾಢ ಮಾಡಬಲ್ಲದು. ಪ್ರಯೋಗಗಳಲ್ಲಿ ಚರ್ಮದ ಮೇಲೆ ಬಿಟ್ಟ ಬೆಳಕು ಇಂಥ ದೀಪಕ್ಕಿಂತ ಎಷ್ಟೋ ಪಟ್ಟು ಜೋರಿನದು, ಹಾಗಾಗಿ ನಾನು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೂ ಮನಸ್ಸಿನ ಮೂಲೆಯಲ್ಲಿ ಕೊರೆಯುತ್ತಿದ್ದರೆ ಒಂದು ಸುಲಭದ ಉಪಾಯ ಇದೆ: ಕೆನ್ನೆಗೆ ಬಟ್ಟೆ ಸುತ್ತಿಕೊಂಡು ಕೂತುಬಿಡಿ! ತಮಾಷೆ ಅಲ್ಲ. ಈ ದೀಪದ ಗುಣ ಮಿದುಳಿಗೆ ಹೋಗುವುದು ಕಣ್ಣಿನ ದಾರಿಯಲ್ಲಿ, ಚರ್ಮಕ್ಕೆ ಅಲ್ಲಿ ಕೆಲಸವೇ ಇಲ್ಲ. ಕಣ್ಣು ತೆರೆದಿರಬೇಕು, ಹಾಗಂತ ದೀಪವನ್ನೇ ದಿಟ್ಟಿಸಿ ನೋಡಬೇಡಿ. ಬಟ್ಟೆ ಬೇಡ ಅಂದ್ರೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಹಚ್ಚಿ. ಬಣ್ಣವಿಲ್ಲದ ಮಾಮೂಲಿ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ.

ರೆಟಿನಾ (ಕಣ್ಣಿನ ಒಳಪರದೆ) ತೊಂದರೆ ಇದ್ದವರು, ಬೆಳಕಿಗೆ ಚರ್ಮ ಕೆರಳಿಸುವ ಮಾತ್ರೆ ತಗೊಳ್ಳುವವರು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಕುಗ್ಗುವಿಕೆಗೂ ಓಲಾಡುವ ಕಾಯಿಲೆ) ಇರುವವರು ಮೊದಲು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಪ್ರಶ್ನೆ: ಮಗಳು ಮೊಡವೆಗೆ ಅಂತ ಎಲ್ಇಡಿ ಮಾಸ್ಕ್ ತರಿಸಿಕೊಂಡಿದ್ದಾಳೆ. ಕೆಂಪು, ನೀಲಿ ಎರಡೂ ಬೆಳಗುತ್ತೆ. ಕತ್ತಲಲ್ಲಿ ಹಾಕಿಕೊಂಡು ಬಂದರೆ ನನಗೇ ಭಯ ಆಗುತ್ತೆ. ಇದು ನಿಜಕ್ಕೂ ಕೆಲಸ ಮಾಡುತ್ತಾ?

ಉತ್ತರ: ಸ್ವಲ್ಪ ಮಾಡುತ್ತೆ, ಜಾಹೀರಾತಿನಷ್ಟಲ್ಲ. ಮೊಡವೆಯ ಬ್ಯಾಕ್ಟೀರಿಯಾ ತನ್ನೊಳಗೆ ಪಾರ್ಫಿರಿನ್ ಅನ್ನುವ ವಸ್ತು ತಯಾರಿಸುತ್ತೆ. 415 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ನೀಲಿ ಬೆಳಕು ಬಿದ್ದರೆ ಅದೇ ವಸ್ತು ತಿರುಗಿಬಿದ್ದು ಬ್ಯಾಕ್ಟೀರಿಯಾವನ್ನು ಸಾಯಿಸುತ್ತೆ. 630 ದಾಟಿದ ಕೆಂಪು ಬೆಳಕು ಇನ್ನೂ ಆಳಕ್ಕೆ ಇಳಿದು ಊತ ತಗ್ಗಿಸುತ್ತೆ. ಈ ಕೆಂಪು ಬೆಳಕಿನ ಕಥೆ ಶುರುವಾದದ್ದೇ ಮಜವಾಗಿ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಬೋಳಿಸಿದ ಇಲಿಗಳ ಮೇಲೆ ಲೇಸರ್ ಬಿಟ್ಟು ನೋಡಿದರೆ ಅವುಗಳ ಕೂದಲು ಬೇಗ ಬೆಳೆದುಬಿಟ್ಟಿತು.

ಕೆಂಪಗೆ ಊದಿದ ಮೊಡವೆಗಾದರೆ ಸರಿ. ಕಪ್ಪು ತಲೆಯ ಸಣ್ಣ ಗುಳ್ಳೆ, ಗುಂಡಿ ಬಿದ್ದ ಕಲೆ ಇವಕ್ಕೆ ಹೆಚ್ಚು ನಿರೀಕ್ಷೆ ಬೇಡ. ವಾರಗಟ್ಟಲೆ ತಪ್ಪದೆ ಹಾಕಬೇಕು, ಬಿಟ್ಟರೆ ಮೊಡವೆ ಮತ್ತೆ ಬರಬಹುದು. ಮಾಸ್ಕ್ ಜೊತೆ ಕೊಟ್ಟಿರುವ ಕಣ್ಣಿನ ಪಟ್ಟಿಯನ್ನು ಮಕ್ಕಳು ಮೂಲೆಗೆ ಎಸೆದಿರುತ್ತಾರೆ, ಅದನ್ನು ಹುಡುಕಿಸಿ ಹಾಕಿಸಿ. ಮುಖದಲ್ಲಿ ಬಂಗು ಇದ್ದರೆ ನೀಲಿ ಬೆಳಕು ಬಂದ್ ಮಾಡಿ ಕೆಂಪಷ್ಟೇ ಇಡಲಿ.

ಪ್ರಶ್ನೆ: ತಮ್ಮನಿಗೆ ಸೋರಿಯಾಸಿಸ್. ಆಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆಯಿಂದ ಕಡಿಮೆಯಾಗಿದೆ. ವಾರಕ್ಕೆ ಮೂರು ಸಲ ಓಡಾಡುವುದು ಕಷ್ಟ. ನಮ್ಮನೆಯಲ್ಲಿರುವ 10,000 ಲಕ್ಸ್ ದೀಪವನ್ನೇ ಬಳಸಬಹುದಾ?

ಉತ್ತರ: ಏನೂ ಪ್ರಯೋಜನವಿಲ್ಲ. ಆಸ್ಪತ್ರೆಯ ದೀಪ 311 ನ್ಯಾನೋಮೀಟರಿನ ಯುವಿಬಿ, ಅಂದರೆ ಯುವಿಯ ಒಂದು ಬಗೆ. ಅಲ್ಲಿ ಗುಣ ಮಾಡುವುದೇ ಯುವಿ, ನಿಮ್ಮ ದೀಪದಲ್ಲಿ ಬೇಕಂತಲೇ ಇಲ್ಲದಿರುವುದೂ ಅದೇ. ಹೆಸರು ಮಾತ್ರ ಒಂದೇ, ದೀಪಗಳು ಬೇರೆ. ಚರ್ಮಕ್ಕೆ ಬೆಳಕಿನ ಚಿಕಿತ್ಸೆ ಹೊಸತೇನಲ್ಲ, ಚರ್ಮದ ಕ್ಷಯಕ್ಕೆ ಬೆಳಕು ಬಳಸಿದ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಸಿಕ್ಕಿತ್ತು.

ಯುವಿಬಿಯನ್ನು ಸೆಕೆಂಡುಗಳ ಲೆಕ್ಕದಲ್ಲಿ ಶುರು ಮಾಡಿ, ಚರ್ಮ ಹೇಗೆ ತಡೆಯುತ್ತೆ ನೋಡಿಕೊಂಡು ಏರಿಸುತ್ತಾರೆ. ಅಂದಾಜಿನ ಮೇಲೆ ಮನೆಯಲ್ಲಿ ಹೊತ್ತಿಸಿದರೆ ಮೈ ಸುಟ್ಟುಕೊಳ್ಳುವುದು ಖಂಡಿತ. ಮನೆಯಲ್ಲೇ ಬಳಸುವ ಯುವಿಬಿ ಯಂತ್ರಗಳೂ ಇವೆ, ಆದರೆ ಅವನ್ನು ಚರ್ಮವೈದ್ಯರು ಅಳತೆ ಬರೆದುಕೊಟ್ಟ ಮೇಲೆ ಮಾತ್ರ. ಅವರನ್ನೇ ಕೇಳಿ. ಸೌಂದರ್ಯಕ್ಕಾಗಿ ಮೈ ಕಂದಾಗಿಸುವ ಟ್ಯಾನಿಂಗ್ ಯಂತ್ರದ ಹತ್ತಿರವಂತೂ ಕಳಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2009ರಲ್ಲೇ ಅದನ್ನು ಕ್ಯಾನ್ಸರ್ ತರುವುದು ಖಚಿತ ಅನ್ನುವ, ತಂಬಾಕು ಇರುವ ಗುಂಪಿಗೆ ಸೇರಿಸಿದೆ.

ಪ್ರಶ್ನೆ: ದೀಪದ ಮುಂದೆ ಕೂತರೆ ವಿಟಮಿನ್ ಡಿ ಸಿಗುತ್ತಾ?

ಉತ್ತರ: ಇಲ್ಲ. ಅದಕ್ಕೂ ಯುವಿಬಿಯೇ ಬೇಕು.