ಮನೆಯ ಟೆಲಿಸ್ಕೋಪಿಗೆ ಸ್ಪೆಕ್ಟ್ರೋಗ್ರಾಫ್ ಜೋಡಿಸಬಹುದಾ?

ನೀವು ಕೇಳಿದ್ದು: ತೀರ್ಥಹಳ್ಳಿ ಹತ್ತಿರದ ಹಳ್ಳಿ, 6 ಇಂಚಿನ ಟೆಲಿಸ್ಕೋಪ್ ಇದೆ, ಸ್ಪೆಕ್ಟ್ರೋಗ್ರಾಫ್ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ದಾಖಲಿಸುವ ಉಪಕರಣ) ಜೋಡಿಸಬಹುದಾ, ದೊಡ್ಡ ವೀಕ್ಷಣಾಲಯದಲ್ಲಿ ಇರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ.

ಧಾರಾಳವಾಗಿ ಜೋಡಿಸಬಹುದು. ನಾನು ಹೊಸನಗರದ ಕಡೆಯವನು, ಅಡಿಕೆ ಅಂಗಳದಲ್ಲಿ ನಿಂತು ಇದೇ ಆಟ ಆಡುತ್ತೇನೆ. ಆದರೆ ದುಡ್ಡು ಹಾಕುವ ಮುಂಚೆ ಒಂದು ಚಪ್ಪಲಿ ಡಬ್ಬಿ, ಎರಡು ಶೇವಿಂಗ್ ಬ್ಲೇಡು, ಹಾಳಾದ ಒಂದು ಡಿವಿಡಿ ಹುಡುಕಿ.

ಡಿವಿಡಿಯ ಸುತ್ತುಗಳು 0.74 ಮೈಕ್ರಾನ್ ಅಂತರದಲ್ಲಿವೆ. ಅಂದರೆ ಮಿಲಿಮೀಟರಿಗೆ ಸುಮಾರು 1,350 ಗೆರೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಲು ಇಷ್ಟು ಸಾಕು. ಅದರ ಚೂರೊಂದನ್ನು ಡಬ್ಬಿಯೊಳಗೆ ಓರೆಯಾಗಿ ಅಂಟಿಸಿ, ಎದುರಿಗೆ ಬ್ಲೇಡುಗಳ ಸಂದಿನಿಂದ ಬೆಳಕು ಬಿಡಿ. ಬಿಸಿಲು ಬಿದ್ದ ಬಿಳಿ ಗೋಡೆಗೆ ಹಿಡಿಯಿರಿ, ಸೂರ್ಯನಿಗೆ ಮಾತ್ರ ಬೇಡವೇ ಬೇಡ. ಸಂದು ಬೆಂಕಿಕಡ್ಡಿಯಷ್ಟು ದಪ್ಪ ಇದ್ದರೆ ಚೆಂದದ ಕಾಮನಬಿಲ್ಲು ಕಾಣುತ್ತದೆ, ಅಷ್ಟೇ. ಬ್ಲೇಡುಗಳನ್ನು ಹತ್ತಿರ ತರುತ್ತಾ ಹೋಗಿ. ಬಣ್ಣ ಮಂಕಾಗುತ್ತದೆ. ಕೂದಲೆಳೆಯಷ್ಟಾದಾಗ ಬಣ್ಣಗಳ ನಡುವೆ ಸಣ್ಣ ಕಪ್ಪು ಗೆರೆಗಳು ಏಳುತ್ತವೆ! 1814ರಲ್ಲಿ ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ ಪಟ್ಟಿ ಮಾಡಿದ್ದು ಇವನ್ನೇ.

ಯಾಕೆ ಹೀಗೆ? ಪ್ರತಿ ಬಣ್ಣವೂ ಆ ಸಂದಿನದೇ ಒಂದೊಂದು ಚಿತ್ರ. ಸಂದು ದಪ್ಪ ಆದರೆ ಪಕ್ಕಪಕ್ಕದ ಚಿತ್ರಗಳು ಒಂದರ ಮೇಲೊಂದು ಕೂರುತ್ತವೆ, ಗೆರೆ ಮುಚ್ಚಿಹೋಗುತ್ತದೆ. ಸಪೂರ ಆದರೆ ವಿವರ ಜಾಸ್ತಿ, ಬೆಳಕು ಕಡಿಮೆ. ಗ್ಯಾಸ್ ಒಲೆಯ ಉರಿಗೆ ಚಿಟಿಕೆ ಉಪ್ಪು ಹಾಕಿ ನೋಡಿ, ಒಂದೇ ಹಳದಿ ಗೆರೆ ಕಾಣುತ್ತದೆ. ನಿಜಕ್ಕೂ ಅವು ಎರಡು, ತರಂಗಾಂತರ (ಬೆಳಕಿನ ಅಲೆಯ ಉದ್ದ) 589.0 ಮತ್ತು 589.6 ನ್ಯಾನೋಮೀಟರ್. ಬಿಡಿಸುವುದು ಸಂದಿನ ಕೈಯಲ್ಲಿದೆ.

ನಕ್ಷತ್ರಕ್ಕೆ ಬಂದರೆ ನಿಮಗೆ ಒಂದು ಲಾಭ. ನಕ್ಷತ್ರ ತಾನೇ ಒಂದು ಸಣ್ಣ ಚುಕ್ಕಿ, ಹಾಗಾಗಿ ಸಂದೇ ಬೇಡ. ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗನ್ನು (ಡಿವಿಡಿಯಂತೆ ಬೆಳಕು ಬಿಡಿಸುವ, ಗೆರೆ ಕೊರೆದ ಗಾಜು) ಫಿಲ್ಟರಿನಂತೆ ಕ್ಯಾಮೆರಾದ ಮುಂದೆ ತಿರುಗಿಸಿ ಕೂರಿಸಿದರೆ ಆಯಿತು. ಚುಕ್ಕಿಯ ಪಕ್ಕದಲ್ಲೇ ಉದ್ದದ ಪಟ್ಟಿ ಬರುತ್ತದೆ. ಲುಬ್ಧಕದಿಂದ (ಸಿರಿಯಸ್) ಶುರು ಮಾಡಿ, ಹೈಡ್ರೋಜನ್ ಗೆರೆಗಳು ಎದ್ದು ಕಾಣುತ್ತವೆ. ಆಮೇಲೆ ಆರ್ದ್ರಾ (ಬೆಟೆಲ್‌ಗ್ಯೂಸ್). ಅದು ತಣ್ಣಗಿನ ನಕ್ಷತ್ರ, ಟೈಟಾನಿಯಂ ಆಕ್ಸೈಡ್ ಅಲ್ಲಿ ಒಡೆಯದೆ ಉಳಿದು ಪಟ್ಟಿಯನ್ನು ಅಗಲಗಲವಾಗಿ ಕತ್ತರಿಸಿರುತ್ತದೆ. ಆದರೆ ಆರಿದ್ರ ಮಳೆಯ ಹೊತ್ತಿಗೆ ಹುಡುಕಬೇಡಿ, ಆಗ ಸೂರ್ಯ ಅದೇ ಕಡೆ ಇರುತ್ತಾನೆ. ಮೋಡ ಹೇಗೂ ಇದ್ದೇ ಇದೆ. ಡಿಸೆಂಬರಿನಲ್ಲಿ ನೋಡಿ. ಅಡಿಕೆ ಸುಲಿಯುವವರು ರಾತ್ರಿ ಲೈಟ್ ಹಾಕಿರುತ್ತಾರೆ, ಬೈಯಬೇಡಿ. ಅದು ಹಳೆಯ ಸಿಎಫ್ಎಲ್ ಆಗಿದ್ದರೆ ಡಬ್ಬಿ ಹಿಡಿದು ನೋಡಿ, ಪಾದರಸದ ಹಸಿರು ಗೆರೆ 546.1 ನ್ಯಾನೋಮೀಟರಿನಲ್ಲಿ ಸಿಗುತ್ತದೆ. ಡಬ್ಬಿಯ ಅಳತೆಗೋಲಿಗೆ ಅದೇ ಮೊದಲ ಗುರುತು. ವೀಕ್ಷಣಾಲಯದವರೂ ಇದನ್ನೇ ಮಾಡುತ್ತಾರೆ, ಅವರದು ಥೋರಿಯಂ-ಆರ್ಗಾನ್ ದೀಪ.

ಇನ್ನು ದೊಡ್ಡವರ ಕಥೆ. ಗಾಳಿಯ ನಡುಕದಿಂದ ನಕ್ಷತ್ರ ಅವರಿಗೂ ಉಬ್ಬಿದ ಚುಕ್ಕಿಯೇ. ಕನ್ನಡಿ ದೊಡ್ಡದಾದಷ್ಟೂ ಆ ಚುಕ್ಕಿಯೂ ದೊಡ್ಡದು, ವಿವರ ಬೇಕೆಂದರೆ ಉಪಕರಣವೂ ಬೆಳೆಯಬೇಕು. ಅಷ್ಟು ಭಾರವನ್ನು ಟೆಲಿಸ್ಕೋಪಿಗೆ ನೇತು ಹಾಕಿದರೆ ಬಾಗುತ್ತದೆ, ಗೆರೆ ಜರುಗುತ್ತದೆ. ಅದಕ್ಕೇ ತಮಿಳುನಾಡಿನ ಕಾವಲೂರಿನ 2.34 ಮೀಟರಿನ ವೇಣು ಬಾಪು ದೂರದರ್ಶಕದಲ್ಲಿ ಬೆಳಕನ್ನು ಫೈಬರ್ ಎಳೆಯಲ್ಲಿ ಬೇರೆ ಕೋಣೆಗೆ ಒಯ್ಯುತ್ತಾರೆ. ಚಿಲಿಯ ಹಾರ್ಪ್ಸ್ ಎಂಬ ಸ್ಪೆಕ್ಟ್ರೋಗ್ರಾಫನ್ನು ಗಾಳಿ ತೆಗೆದ ತೊಟ್ಟಿಯಲ್ಲೇ ಮುಚ್ಚಿಟ್ಟು, ಬಿಸಿಯನ್ನು 0.01 ಡಿಗ್ರಿ ಕೂಡ ಅಲುಗಾಡದಂತೆ ಕಾಯುತ್ತಾರೆ. ಗ್ರಹದ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ 1 ಮೀಟರ್ ಆಚೀಚೆ ಆದರೂ ಗೊತ್ತಾಗುತ್ತದೆ. ಸಂತೆಗೆ ಹೊರಟವರ ನಡಿಗೆ ಅಷ್ಟೇ ಅಲ್ವಾ? ಲಡಾಖಿನ ಹಾನ್ಲೆಯ 2 ಮೀಟರಿನ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ನಾವು ಇಬ್ಬನಿಯಲ್ಲೇ ನಿಲ್ಲಬೇಕು.

ಇಬ್ಬನಿ ಅಂದಾಗ ನೆನಪಾಯಿತು. ಗ್ರೇಟಿಂಗ್ ಮಂಜಾಗಿದೆ ಅಂತ ಒಂದು ರಾತ್ರಿ ನಾನು ಪಂಚೆ ತುದಿಯಿಂದ ಒರೆಸಿಬಿಟ್ಟೆ. ಗೆರೆಗಳೆಲ್ಲ ಗೀಚಿಹೋದವು, ಆಮೇಲೆ ನಕ್ಷತ್ರದ ಪಟ್ಟಿ ಹೊಗೆಯಂತೆ ಬರತೊಡಗಿತು. ನೀವು ಮುಟ್ಟಬೇಡಿ, ಸುಮ್ನೆ ಆರಲು ಬಿಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿಡಿ, ಇಲ್ಲದಿದ್ದರೆ ಆಷಾಢ ಮುಗಿಯುವುದರೊಳಗೆ ಬೂಸ್ಟು ಹಿಡಿದಿರುತ್ತದೆ.