ನಿಮ್ಮ ಪ್ರಶ್ನೆ: ಪೌಂಡ್, ನ್ಯೂಟನ್ ಗೊಂದಲ

ಪ್ರಶ್ನೆ: ಒಂದು ಸ್ಪ್ರಿಂಗ್‌ನ ಬಾಕ್ಸ್ ಮೇಲೆ 50 ಪೌಂಡ್ ಅಂತ ಬರ್ದಿದೆ, ನಂಗೆ ಅದು ನ್ಯೂಟನ್‌ನಲ್ಲಿ ಬೇಕಿತ್ತು. ಒಂದು ಪೌಂಡ್ ಅಂದ್ರೆ 0.4536 ಕೆಜಿ ಅಂತ ಗೊತ್ತಿತ್ತು, ಗುಣಿಸಿದೆ, 22.68 ಬಂತು. ಫೋನಲ್ಲಿರೋ ಆ್ಯಪ್ ನೋಡಿದ್ರೆ 222.4 ಅಂತಿದೆ. ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ! ಯಾವ್ದು ಸರಿ?

ಉತ್ತರ: ಆ್ಯಪ್ ಹೇಳ್ತಿರೋದೇ ಸರಿ. ಹಂಗಂತ ನಿಮ್ಮ ಗುಣಾಕಾರ ತಪ್ಪಿಲ್ಲ, ಅರ್ಧ ದಾರೀಲಿ ನಿಂತುಬಿಟ್ರಿ ಅಷ್ಟೇ. ನಿಮಗೆ ಬಂದ 22.68 ಕೆಜಿ, ನ್ಯೂಟನ್ ಅಲ್ಲ. ಅದನ್ನ 9.80665ರಿಂದ, ಅಂದ್ರೆ ಭೂಮಿಯ ಗುರುತ್ವದ ನಂಬರ್‌ನಿಂದ, ಇನ್ನೊಂದ್ಸಲ ಗುಣಿಸಿ ನೋಡಿ, 222.4 ಬಂದೇ ಬರತ್ತೆ.

ತೊಂದ್ರೆ ಇರೋದು ಲೆಕ್ಕದಲ್ಲಲ್ಲ, ಹೆಸರಲ್ಲಿ. ತಕ್ಕಡೀಲಿ ತೂಗೋ ಪೌಂಡ್ ಬೇರೆ, ಸ್ಪ್ರಿಂಗ್ ಎಳೆಯೋ ಪೌಂಡ್ ಬೇರೆ, ಮೊದಲ್ನೇದು ದ್ರವ್ಯರಾಶಿ, ಎರಡನೇದು ಬಲ, ಆದ್ರೆ ಜನ ಎರಡಕ್ಕೂ ಪೌಂಡ್ ಅಂತಾನೇ ಕರೆದು ಕೈತೊಳ್ಕೊಂಡ್ರು. ಬಲದ ಪೌಂಡ್‌ಗೆ ಪೌಂಡ್-ಫೋರ್ಸ್ ಅಂತ ಸರಿಯಾದ ಹೆಸರಿದೆ, ಬಾಕ್ಸ್ ಮೇಲೆ ಪ್ರಿಂಟ್ ಮಾಡೋರು ಆ ಫೋರ್ಸ್ ಅನ್ನೋದನ್ನ ನುಂಗಿಬಿಡ್ತಾರೆ. ಮೆಟ್ರಿಕ್‌ನವರೂ ಏನು ಸಾಚಾಗಳಲ್ಲ, ಕಿಲೋಗ್ರಾಂ-ಫೋರ್ಸ್ ಅಂತ ಒಂದು ಮಾಡ್ಕೊಂಡು ಅದನ್ನೂ ಕೆಜಿ ಅಂತಾನೇ ಬರೀತಾರೆ. ಈ ಗೋಜಲೇ ಬೇಡ ಅಂತ ಇರೋದು ನ್ಯೂಟನ್, ಅದು ಬಲ ಬಿಟ್ಟು ಬೇರೆ ಏನನ್ನೂ ಅಳೆಯಲ್ಲ. ಆ ಹೆಸರು ಅಧಿಕೃತವಾಗಿ ಬಂದಿದ್ದು 1948ರಲ್ಲಿ.

ಅಂದಹಾಗೆ ಈ 9.80665 ಭೂಮಿ ಮೇಲೆ ಎಲ್ಲಾ ಕಡೆ ಸಿಗೋ ನಂಬರ್ ಅಲ್ಲ. ಗುರುತ್ವ ಸಮಭಾಜಕದ ಹತ್ರ 9.78, ಧ್ರುವದ ಹತ್ರ 9.83, ಅದಕ್ಕೇ 1901ರಲ್ಲಿ ಎಲ್ರೂ ಸೇರಿ ಇಷ್ಟು ಅಂತ ಇಟ್ಕೊಳ್ಳೋಣ ಅಂತ ಗೊತ್ತು ಮಾಡಿದ್ರು. ಪೌಂಡ್‌ನೂ 1959ರಲ್ಲಿ 0.45359237 ಕೆಜಿ ಅಂತ ಕಟ್ಟಿಹಾಕಿದ್ರು. ಇವೆರಡನ್ನ ಗುಣಿಸಿದ್ರೆ ಒಂದು ಪೌಂಡ್-ಫೋರ್ಸ್‌ಗೆ 4.4482216152605 ನ್ಯೂಟನ್, ಇದು ಸುಮಾರು ಅಲ್ಲ, ಕರಾರುವಾಕ್ಕು. ನಮ್ಮ ನಿಮ್ಮ ಕೆಲಸಕ್ಕೆ 4.448 ಸಾಕು.

ಪ್ರಶ್ನೆ: ಕ್ಯಾಲ್ಕುಲೇಟರ್ ಇಲ್ದೆ ಬಾಯಲ್ಲೇ ಹೇಳೋ ಉಪಾಯ ಇದ್ಯಾ?

ಉತ್ತರ: ಇದೆ. ನ್ಯೂಟನ್‌ನಿಂದ ಪೌಂಡ್‌ಗೆ ಬರ್ಬೇಕಾದ್ರೆ ನಾಲ್ಕರಿಂದ ಭಾಗಿಸಿ, ಬಂದಿದ್ರಲ್ಲಿ ಹತ್ತನೇ ಒಂದು ಭಾಗ ಕಳೀರಿ. 100 ನ್ಯೂಟನ್ ಇದ್ರೆ 25, ಅದ್ರಲ್ಲಿ 2.5 ಹೋದ್ರೆ 22.5. ನಿಜವಾದ ಉತ್ತರ 22.48, ಇನ್ನೇನು ಬೇಕು ಹೇಳಿ. ಆ ಕಡೆಯಿಂದ ಬರೋದಾದ್ರೆ ನಾಲ್ಕೂವರೆಯಿಂದ ಗುಣಿಸಿ, ಶೇಕಡಾ ಒಂದಕ್ಕಿಂತ ಚೂರು ಜಾಸ್ತಿ ಬರತ್ತೆ ಅಷ್ಟೇ. ಆದ್ರೆ ಭಾರ ಎತ್ತೋ ಕೊಕ್ಕೆ, ಹಗ್ಗ, ಸರಪಳಿ ವಿಷಯಕ್ಕೆ ಈ ಬಾಯಿಲೆಕ್ಕ ತರ್ಬೇಡಿ ದಯವಿಟ್ಟು.

ಪ್ರಶ್ನೆ: ಟಾರ್ಕ್ ರೆಂಚ್‌ನಲ್ಲಿ ನ್ಯೂಟನ್ ಮೀಟರ್ ಇದೆ, ಬುಕ್‌ನಲ್ಲಿ 80 ಫುಟ್-ಪೌಂಡ್ ಅಂತಿದೆ. 4.448ರಿಂದ ಗುಣಿಸಿದೆ, 356 ಬಂತು. ಇಷ್ಟು ಟೈಟ್ ಮಾಡ್ಲಾ?

ಉತ್ತರ: ಅಯ್ಯೋ ಬೇಡ, ಬೋಲ್ಟ್ ಕಟ್ಟಾಗಿ ಕೈಗೆ ಬರತ್ತೆ! ಟಾರ್ಕ್ ಅಂದ್ರೆ ತಿರುಗಿಸೋ ಶಕ್ತಿ, ಅದ್ರಲ್ಲಿ ಬಲದ ಜೊತೆ ಉದ್ದಾನೂ ಇದೆ, ಪೌಂಡ್‌ನ ಬದಲಾಯಿಸಿದ್ರಿ, ಫುಟ್‌ನ ಹಂಗೇ ಬಿಟ್ರಿ. ಒಂದು ಫುಟ್ ಅಂದ್ರೆ 0.3048 ಮೀಟರ್, ಅದನ್ನೂ ಗುಣಿಸಿದ್ರೆ ಒಂದು ಫುಟ್-ಪೌಂಡ್‌ಗೆ 1.356 ನ್ಯೂಟನ್ ಮೀಟರ್. ನಿಮ್ಮ 80ಕ್ಕೆ 108.5 ಬರತ್ತೆ, ಅಷ್ಟಕ್ಕೆ ಸೆಟ್ ಮಾಡಿ. ಇದೇ ತಪ್ಪನ್ನ ನಾನೂ ಸ್ಪ್ರಿಂಗ್‌ನ ಬಿಗುಪು (ಇಷ್ಟು ಉದ್ದ ಎಳೆಯೋಕೆ ಎಷ್ಟು ಬಲ ಬೇಕು ಅನ್ನೋದು) ಲೆಕ್ಕ ಹಾಕುವಾಗ ಮಾಡಿದ್ದೀನಿ, ಅಲ್ಲಿ ಇಂಚು ಭಾಗಾಕಾರದಲ್ಲಿ ಬರತ್ತೆ, ಇಂಚಿಗೆ 100 ಪೌಂಡ್ ಅಂದ್ರೆ ಮಿಲಿಮೀಟರ್‌ಗೆ 17.5 ನ್ಯೂಟನ್, ನಾನು ಧೈರ್ಯವಾಗಿ 445 ಅಂತ ಬರ್ದು ಕೊಟ್ಟಿದ್ದೆ.

ಪ್ರಶ್ನೆ: ಚಂದ್ರನ ಮೇಲೆ ಹೋದ್ರೆ 4.448 ಬದಲಾಗತ್ತಾ?

ಉತ್ತರ: ಇಲ್ಲ. ಬಲ ಎಲ್ಲಿದ್ರೂ ಬಲಾನೇ, ಬದಲಾಗೋದು ತೂಕ. 50 ಪೌಂಡ್ ದ್ರವ್ಯರಾಶಿ ಅಲ್ಲಿ 8 ಪೌಂಡ್-ಫೋರ್ಸ್ ಚಿಲ್ಲರೆ ಒತ್ತತ್ತೆ, ಆದ್ರೆ ನಿಮ್ಮ ಸ್ಪ್ರಿಂಗ್ ಅಷ್ಟೇ ಎಳೆದ್ರೆ ಅಷ್ಟೇ ಎಳೆಯತ್ತೆ.

ಪ್ರಶ್ನೆ: ಇದೆಲ್ಲಾ ಪರೀಕ್ಷೆ ಮಾರ್ಕ್ಸ್‌ಗೆ ಸರಿ, ಯೂನಿಟ್ ತಪ್ಪಾಗಿ ನಿಜವಾಗ್ಲೂ ಏನಾದ್ರೂ ಅನಾಹುತ ಆಗಿದ್ಯಾ?

ಉತ್ತರ: ಆಗಿದೆ, ಅದೂ ನಾವು ಇಷ್ಟೊತ್ತು ಮಾತಾಡಿದ ಇದೇ 4.45ರಿಂದ. 1998 ಡಿಸೆಂಬರ್‌ನಲ್ಲಿ ನಾಸಾ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ ಬಿಟ್ಟಿತ್ತು. ದಾರೀಲಿ ಚಿಕ್ಕ ಚಿಕ್ಕ ರಾಕೆಟ್ ಉರಿಸಿದಾಗೆಲ್ಲಾ ಎಷ್ಟು ತಳ್ಳಿದ್ವು ಅಂತ ಭೂಮಿ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡ್‌ನಲ್ಲಿ ಬರೀತಿತ್ತು, ಅದನ್ನ ಓದೋ ಇನ್ನೊಂದು ಸಾಫ್ಟ್‌ವೇರ್ ನ್ಯೂಟನ್ ಸೆಕೆಂಡ್ ಅಂತ ತಿಳ್ಕೊಂಡಿತ್ತು. ಪ್ರತೀ ಸಲ ತಪ್ಪು ಸಣ್ಣದು, ತಿಂಗಳುಗಟ್ಟಲೆ ಸೇರ್ತಾ ಹೋಯ್ತು. ಮಂಗಳದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹೋಗ್ಬೇಕಿದ್ದ ನೌಕೆ 1999ರ ಸೆಪ್ಟೆಂಬರ್ 23ಕ್ಕೆ 57 ಕಿಲೋಮೀಟರ್‌ವರೆಗೂ ಇಳಿದು ಗ್ರಹದ ಹಿಂದೆ ಹೋಯ್ತು, ಮತ್ತೆ ಸಿಗ್ನಲ್ ಬರ್ಲೇ ಇಲ್ಲ.