ಕಂಬಳಿ ಹಂಚಿ ಬಂದ್ವಿ, ಮುಂದೇನು ಮಾಡೋದು?

ಪ್ರಶ್ನೆ: ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಬ್ಯಾಂಕ್ ಕೆಲ್ಸದಲ್ಲಿದ್ದೀನಿ. ನಾವು ಐದು ಜನ ಫ್ರೆಂಡ್ಸ್ ಸೇರಿ ಹೋದ ಡಿಸೆಂಬರ್‌ನಲ್ಲಿ ತಿತಿಮತಿ ಕಡೆ ಆದಿವಾಸಿಗಳ ಒಂದು ಹಾಡಿಗೆ ಕಂಬಳಿ, ಬಿಸ್ಕೆಟ್ ಎಲ್ಲಾ ತಗೊಂಡು ಹೋಗಿದ್ವಿ, ದುಡಿಯೋ ವಯಸ್ಸಿನವರು ಒಬ್ರೂ ಇರ್ಲಿಲ್ಲ, ಮುದುಕ್ರು ಮಕ್ಕಳು ಅಷ್ಟೇ. ಕೊಟ್ವಿ, ಫೋಟೋ ತೆಗೆದ್ವಿ, ಬಂದ್ವಿ. ಮನಸ್ಸಿಗೆ ಯಾಕೋ ಸಮಾಧಾನ ಆಗ್ಲಿಲ್ಲ. ತಿಂಗಳಿಗೆ ಎರಡು ಭಾನುವಾರ ಕೊಡ್ತೀವಿ, ತಲಾ ಐನೂರು ಹಾಕ್ತೀವಿ. ನಿಜವಾಗ್ಲೂ ಉಪಯೋಗ ಆಗೋ ಥರ ಏನು ಮಾಡಬಹುದು?

ಉತ್ತರ: ನೋಡಿ ತಂಗಿ, ಸಮಾಧಾನ ಆಗ್ಲಿಲ್ಲ ಅಂತ ಬರೆದ್ರಲ್ಲ, ಅದನ್ನ ಓದಿ ನಂಗೆ ಖುಷಿ ಆಯ್ತು. ಡಿಸೆಂಬರ್ ಅಂದ್ರೆ ಕಾಫಿ ಕೊಯ್ಲು ಶುರುವಾಗಿರೋ ಕಾಲ, ಫೆಬ್ರವರಿವರೆಗೂ ತೋಟದಲ್ಲಿ ಕೈತುಂಬ ಕೆಲ್ಸ, ಹಾಡಿಯವ್ರೆಲ್ಲ ಬೆಳಗ್ಗೆನೇ ಜೀಪ್ ಹತ್ತಿ ಹೋಗಿರ್ತಾರೆ. ಸಹಾಯ ಮಾಡೋಕೆ ಜನ ಬರೋದು ಆವಾಗ್ಲೇ, ಕ್ರಿಸ್‌ಮಸ್ ರಜೆ ಇರುತ್ತಲ್ಲ. ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್‌ನ ಮಳೇಲಿ, ಕೆಲ್ಸ ಕಮ್ಮಿಯಾಗಿ ಒಲೆ ಹತ್ತಿಸೋದೇ ಕಷ್ಟ ಆಗಿರೋವಾಗ ಆ ರಸ್ತೇಲಿ ಒಂದು ಕಾರೂ ಕಾಣಲ್ಲ. ಹಾಗಾಗಿ ವಸ್ತು ಕೊಡೋದಾದ್ರೆ ಜುಲೈ, ಆಗಸ್ಟ್‌ಗೆ ಇಟ್ಕೊಳ್ಳಿ.

ಆದ್ರೆ ನಿಮ್ಮ ಹತ್ರ ಕಂಬಳಿಗಿಂತ ದೊಡ್ಡದೊಂದಿದೆ, ನೀವು ಬ್ಯಾಂಕಿನವರು. ಇಷ್ಟು ವರ್ಷ ಹಾಡಿ, ಲೈನ್‌ಮನೆ (ತೋಟದ ಕೂಲಿಯವ್ರ ಸಾಲುಮನೆ), ಪೈಸಾರಿ (ಸರ್ಕಾರಿ ಜಾಗ) ಅಂತ ಓಡಾಡಿ ನಾನು ಕಂಡಿದ್ದು, ನಮ್ಮಲ್ಲಿ ಬಡತನ ಅಂದ್ರೆ ಅರ್ಧ ಕಾಗದದ್ದು. ಹಕ್ಕು ಇರುತ್ತೆ, ದುಡ್ಡು ಸರ್ಕಾರದಿಂದ ಬಿಟ್ಟೂ ಇರುತ್ತೆ, ಕೈಗೆ ಬರಲ್ಲ. ಸಿದ್ದಾಪುರ ಕಡೆ ಒಂದು ಲೈನ್‌ಮನೇಲಿ ಯರವ ಅನ್ನೋ ಆದಿವಾಸಿ ಸಮುದಾಯದ ಅಜ್ಜಿ ಒಬ್ರು, ಎಂಟು ತಿಂಗಳಿಂದ ಪಿಂಚಣಿ ಬಂದಿಲ್ಲ ಅಂತಿದ್ರು. ವಿಷ್ಯ ಏನಂದ್ರೆ ಅವ್ರಿಗೆ ಮೂರು ಖಾತೆ, ಒಂದೊಂದು ಸಲ ಒಬ್ಬೊಬ್ರು ಬಂದು ಮಾಡಿಸಿ ಹೋಗಿದ್ದು, ಆಧಾರ್‌ಗೆ ಕೊನೇಲಿ ಸೇರಿಸಿದ ಖಾತೆಗೆ ದುಡ್ಡು ಹೋಗ್ತಿತ್ತು, ಆ ಪಾಸ್‌ಬುಕ್ ಎಲ್ಲಿದೆ ಅಂತ್ಲೇ ಗೊತ್ತಿಲ್ಲ. ಅಷ್ಟು ದಿನ ಅಜ್ಜಿ ಮೊಮ್ಮಗಳ ಕೂಲಿಯಲ್ಲಿ ಊಟ ಮಾಡಿದ್ರು, ದುಡ್ಡು ಇನ್ನೊಂದು ಬ್ಯಾಂಕಲ್ಲಿ ಸುಮ್ನೆ ಕೂತಿತ್ತು. ಎರಡು ವರ್ಷ ನಾವಾಗಿ ವಹಿವಾಟು ಮಾಡದಿದ್ರೆ ಖಾತೆ ನಿಷ್ಕ್ರಿಯ ಆಗುತ್ತೆ ಅನ್ನೋದು ನಿಮಗೆ ಗೊತ್ತು, ಆ ಅಜ್ಜಿಗೆ ಯಾರು ಹೇಳ್ಬೇಕು? ಗೃಹಲಕ್ಷ್ಮಿಯ ಎರಡು ಸಾವಿರ ಬಂದಿಲ್ಲ ಅನ್ನೋರದ್ದೂ ಎಷ್ಟೋ ಸಲ ಇದೇ ಕಥೆ.

ಇನ್ನೊಂದು ಬೆರಳು. ವರ್ಷಾನುಗಟ್ಟಲೆ ಕಾಫಿ ಕೊಯ್ದು, ಸೌದೆ ಹೊತ್ತು ಬೆರಳಿನ ಗೆರೆನೇ ಸವೆದು ಹೋಗಿರುತ್ತೆ, ಮಷೀನು ತಗೊಳ್ಳಲ್ಲ, ನಾಳೆ ಬನ್ನಿ ಅಂತಾರೆ. ನಾಳೆ ಬರೋದು ಅಂದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮನೇಲಿ ಮಗು ಇದ್ರೆ ಅದನ್ನೂ ಕಟ್ಕೊಂಡು ಬರ್ಬೇಕು. ಎರಡು ಸಲ ಬಂದು ಮೂರನೇ ಸಲಕ್ಕೆ ಕೈಬಿಡ್ತಾರೆ. ನಾವೇ ಆಮೇಲೆ, ಅವ್ರಿಗೆ ಆಸಕ್ತಿ ಇಲ್ಲ ಅಂತೀವಿ, ಆ ಮಾತು ಕೇಳಿದ್ರೆ ನಂಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. ಕಣ್ಣಿನ ಪಾಪೆ ಸ್ಕ್ಯಾನ್ ಇದೆ, ಮೊಬೈಲ್ ನಂಬರ್ ಸೇರಿಸಿದ್ರೆ ಒಟಿಪಿ ದಾರಿ ಇದೆ, ಪಕ್ಕದಲ್ಲಿ ನಿಂತು ಕೇಳೋರು ಒಬ್ರು ಬೇಕು ಅಷ್ಟೇ.

ಹಾಗಾಗಿ ಹತ್ತು ಹಾಡಿ ಬೇಡ, ಒಂದೇ ಹಾಡಿ ಹಿಡೀರಿ, ಒಂದು ವರ್ಷ ಬಿಡ್ಬೇಡಿ. ಮೊದಲನೇ ಎರಡು ಭೇಟಿ ಬರೀ ಮಾತಾಡೋಕೆ, ಹಾಡಿಯ ಯಜಮಾನ್ರನ್ನ ಕೇಳಿ, ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆನ ಕೇಳಿ, ಯಾವ ಮನೇಲಿ ಏನು ಕಷ್ಟ ಅಂತ ಅವ್ರಷ್ಟು ಗೊತ್ತಿರೋರು ಯಾರೂ ಇಲ್ಲ. ಲೈನ್‌ಮನೆಗೆ ಹೋಗೋದಾದ್ರೆ ತೋಟದ ಮಾಲೀಕರಿಗೋ ಲೆಕ್ಕ ಬರೆಯೋ ರೈಟರ್‌ಗೋ ಮೊದ್ಲೇ ಹೇಳಿ, ಕದ್ದು ಹೋದ್ರೆ ಬೈಸ್ಕೊಳ್ಳೋದು ನೀವಲ್ಲ, ಅಲ್ಲಿರೋ ಕುಟುಂಬ. ಆಮೇಲೆ ಒಂದು ನೋಟ್‌ಬುಕ್ ಇಟ್ಟು ಮನೆಮನೆದು ಬರೀರಿ, ರೇಷನ್ ಕಾರ್ಡ್ ಇದ್ಯಾ, ಮದುವೆ ಆದ ಮಗಳ ಹೆಸರು ಇನ್ನೂ ಅಪ್ಪನ ಕಾರ್ಡಲ್ಲೇ ಇದ್ಯಾ, ಜಾತಿ ಪ್ರಮಾಣಪತ್ರ ಇದ್ಯಾ, ಮಕ್ಕಳ ಜನನ ನೋಂದಣಿ ಆಗಿದ್ಯಾ. ಹುಟ್ಟಿ 21 ದಿನದೊಳಗೆ ಹೇಳಿದ್ರೆ ನೋಂದಣಿಗೆ ಖರ್ಚೇ ಇಲ್ಲ, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆದೇಶದವರೆಗೂ ಅಲೆದಾಟ. ಒರಿಜಿನಲ್ ಕಾರ್ಡು ನಿಮ್ಮ ಹತ್ರ ಇಟ್ಕೊಳ್ಳಲೇಬೇಡಿ, ಜೆರಾಕ್ಸ್ ಸಾಕು. ಪಿನ್ ನಂಬರ್ ಅವ್ರಾಗೇ ಹೇಳಿದ್ರೂ ಕೇಳಿಸ್ಕೋಬೇಡಿ.

ಒಂದು ತೊಡಕಿದೆ, ಭಾನುವಾರ ನಾಡಕಚೇರಿ ಮುಚ್ಚಿರುತ್ತೆ. ನೀವು ಐದು ಜನ ಅಲ್ವಾ, ತಿಂಗಳಿಗೆ ಒಬ್ರು ಒಂದು ದಿನ ರಜೆ ಹಾಕಿ, ಆ ತಿಂಗಳು ರೆಡಿಯಾದ ನಾಲ್ಕೈದು ಜನರನ್ನ ಒಟ್ಟಿಗೆ ಕರ್ಕೊಂಡು ಹೋಗಿ. ನೀವು ಹಾಕ್ತೀವಿ ಅಂದ ಎರಡೂವರೆ ಸಾವಿರ ಆ ದಿನದ ಜೀಪ್ ಬಾಡಿಗೆ, ಊಟ, ಜೆರಾಕ್ಸ್‌ಗೆ ಇರ್ಲಿ, ಕೂಲಿ ಕಳ್ಕೊಂಡ ಮುದುಕ್ರಿಗೆ ಸ್ವಲ್ಪ ಕೈಗೂ ಕೊಡಿ, ಅದರಲ್ಲಿ ತಪ್ಪೇನಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅರಣ್ಯ ಹಕ್ಕಿನ ಅರ್ಜಿಗೆ ಮಾತ್ರ ನೀವೇ ಕೈ ಹಾಕ್ಬೇಡಿ. 2006ರ ಕಾಯ್ದೆ ಪ್ರಕಾರ ಅದು ಗ್ರಾಮಸಭೆಯಿಂದ್ಲೇ ಶುರುವಾಗ್ಬೇಕು, ಆದಿವಾಸಿ ಸಂಘಟನೆಯವ್ರು ಅದರಲ್ಲಿ ಪಳಗಿದ್ದಾರೆ, ಅವ್ರು ಬರೆಯೋಕೆ ಕರೆದ್ರೆ ಹೋಗಿ.

ಮುಂಗಡ ತಗೊಂಡಿದ್ದಾರೆ ಅಂತ ಯಾರನ್ನಾದ್ರೂ ತೋಟ ಬಿಟ್ಟು ಹೋಗೋಕೆ ಬಿಡ್ತಿಲ್ಲ ಅಂತ ಗೊತ್ತಾದ್ರೆ ಅಲ್ಲೇ ನಿಂತು ಜಗಳಕ್ಕೆ ಇಳೀಬೇಡಿ, ರಾತ್ರಿ ಅವ್ರು ಅಲ್ಲೇ ಮಲಗ್ಬೇಕು. 1976ರಲ್ಲೇ ಜೀತಪದ್ಧತಿ ರದ್ದತಿ ಕಾನೂನು ಬಂದಿದೆ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತವಾಗಿ ಕೊಡಿ. ಮಕ್ಕಳ ವಿಷ್ಯ ಆದ್ರೆ 1098ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮನೇಲಿ ಎರಡು ಮೂಟೆ ಹಳೇ ಬಟ್ಟೆ ಇದೆ, ಬಡವ್ರಿಗೆ ಎಲ್ಲಿ ಕೊಡೋದು? ಕುಶಾಲನಗರದ ಓದುಗರು.

ಉತ್ತರ: ಅಣ್ಣ, 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಜಿಲ್ಲೆಗೆ ಲಾರಿಗಟ್ಟಲೆ ಬಟ್ಟೆ ಬಂದಿತ್ತು, ಮನೆ ಕಳ್ಕೊಂಡು ಕೂತಿದ್ದ ಹೆಂಗಸ್ರು ಆ ರಾಶೀಲಿ ಹರಿದಿದ್ದನ್ನ, ಬಟನ್ ಇಲ್ಲದ್ದನ್ನ ಎತ್ತಿ ನೋಡಿ ಕೆಳಗೆ ಇಡ್ತಿದ್ದ ಮುಖ ನಂಗೆ ಇವತ್ತಿಗೂ ಮರೆತಿಲ್ಲ. ನಿಮ್ಮ ಮನೆಯವ್ರು ನಾಳೆ ಹಾಕ್ಕೊಂಡು ಸಂತೆಗೆ ಹೋಗೋ ಥರ ಇರೋದನ್ನ ಮಾತ್ರ ಒಗೆದು, ಇಸ್ತ್ರಿ ಹಾಕಿ, ಅಳತೆ ಬರೆದು ಕೊಡಿ, ಅದೂ ಬೇಕಾ ಅಂತ ಮೊದ್ಲು ಕೇಳಿ. ಉಳಿದಿದ್ದು ಒರೆಸೋ ಬಟ್ಟೆಗೆ ಇರ್ಲಿ. ದುಡ್ಡು ಖರ್ಚು ಮಾಡೋ ಮನಸ್ಸಿದ್ರೆ ಮೇ ತಿಂಗಳಲ್ಲಿ, ಮಳೆ ಹಿಡಿಯೋಕೆ ಮೊದ್ಲು, ಗಟ್ಟಿ ಟಾರ್ಪಲ್ ತಗೊಳ್ಳಿ, ಸೋರೋ ಮಾಡು ಯಾವ ಯಾವ ಮನೇದು ಅಂತ ಹಾಡಿಯವ್ರೇ ತೋರಿಸ್ತಾರೆ.